ಸುಮಿತ್ರತ್ತೆಯ ಮೂರು ದನಿಯ ಹಾಡು

ಹೆಚ್ಚಿದ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಮೂಗಿಗೆ ಬಿದ್ದರೆ ಈಗಲೂ ನಾನು ಹುಡುಗಿಯಾಗಿಬಿಡುತ್ತೇನೆ. ಮೇಲೂರಿನ ನಮ್ಮ ಮನೆ ಈಗಿಲ್ಲ, ಅಲ್ಲಿ ಯಾರದೋ ಗೋದಾಮು ಎದ್ದಿದೆ. ಆದರೂ ಆ ವಾಸನೆಯ ಹಿಂದೆಯೇ ನಡುಮನೆ ತುಂಬಿದ ರೇಷ್ಮೆಹುಳುಗಳ ತಟ್ಟೆಗಳು, ಅವು ಸೊಪ್ಪು ಮೇಯುವ ಸದ್ದು, ಆ ಸದ್ದಿನ ನಡುವೆ ಮಣೆಯ ಮೇಲೆ ಬೆರಳು ಕುಟ್ಟುತ್ತ ಗುನುಗುವ ಸುಮಿತ್ರತ್ತೆ, ಎಲ್ಲ ಬಂದು ನಿಲ್ಲುತ್ತವೆ. ಅಪ್ಪನ ಅಕ್ಕ ಅವಳು, ಚಿಕ್ಕಬಳ್ಳಾಪುರದ ಶಾಲೆಯೊಂದರಲ್ಲಿ ಇಂಗ್ಲಿಷ್ ಮೇಡಂ. ಶಾಲೆಯಲ್ಲೊಂದು ಹಳೇ ಪಿಯಾನೊ ಇತ್ತು. ಯಾರು ಬರೆದರೆಂದೇ ಗೊತ್ತಿಲ್ಲದ, ಮಧ್ಯಯುಗದ ಇಂಗ್ಲಿಷ್ ಪದ್ಯವೊಂದನ್ನು ಆ ಪಿಯಾನೊಗೂ ನಾನೂ ಸೇರಿ ಮೂವರು ಹುಡುಗಿಯರ ದನಿಗೂ ಹೊಂದಿಸಬೇಕೆಂಬುದೇ ಅವಳ ಹುಚ್ಚು. ಬಾಗಿಲಿಗೆ ಬಂದ ಸಾವನ್ನು ತಾಯಿಯೊಬ್ಬಳು, ಮಗು ನಿದ್ದೆ ಹೋಗುವ ತನಕ ತಾಳು ಎಂದು ಬೇಡುವ ಪದ್ಯ. ನಮಗೆ ಒಂದು ಪದವೂ ಅರ್ಥವಾಗುತ್ತಿರಲಿಲ್ಲ. "ನಮ್ಮೋರು ಬಾಗ್ಲ ಮೇಲೆ 'ನಾಳೆ ಬಾ' ಅಂತ ಬರೀತಾರಲ್ಲ, ಇದೂ ಹಂಗೇ ಕಣಮ್ಮ" ಎಂದಿದ್ದಳು ಅತ್ತೆ. ಮೂರು ವರ್ಷ ಕೂತು, ಹಳೇ ಉತ್ತರಪತ್ರಿಕೆಗಳ ಬೆನ್ನಿಗೆ ಸರಿಗಮದಲ್ಲೇ ಅಷ್ಟನ್ನೂ ಬರೆದು ಮುಗಿಸಿದ್ದಳು. ನಮಗೆ ಕಲಿಸಿದ್ದು ಇನ್ನೂ ಮೊದಲ ನಾಲ್ಕು ಸಾಲು ಮಾತ್ರ.

ಹುಳು ಪೊರೆ ಬಿಡುವ ನಿದ್ದೆಗೆ ನಮ್ಮ ಕಡೆ ಜ್ವರವೆನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವಿನ ಮುಂದೆ ಮನೆಮಂದಿಗೆ ಉಸಿರಾಡಲೂ ಪುರಸೊತ್ತಿರುವುದಿಲ್ಲ. ಅಂಥದೊಂದು ದಿನ ತಟ್ಟೆಗೆ ಹಾಸುವ ಕಾಗದ ಮುಗಿಯಿತು. "ಯಾವ್ದಾನಾ ಕಾಗ್ದ ತತ್ತಾರೇ, ಬಿರ್‍ನೆ!" ಎಂದು ಅಜ್ಜಿ ಕೂಗಿದಳು. ಅತ್ತೆ ಶಾಲೆಗೆ ಹೋಗಿದ್ದಳು. ಅವಳ ಟ್ರಂಕಿನಿಂದ ಕಟ್ಟು ತಂದುಕೊಟ್ಟವಳು ನಾನು. ಮೇಲಿದ್ದುದು ಮಕ್ಕಳ ಉತ್ತರ, ರದ್ದಿ ಎಂದುಕೊಂಡೆ. ಅರ್ಧ ಹಾಸುವಷ್ಟರಲ್ಲಿ ಒಂದು ಹಾಳೆ ಮಗುಚಿ ಅತ್ತೆಯ ಸ್ವರಗಳು ಕಂಡವು. ಆಗಲಾದರೂ ಬಾಯಿ ಬಿಡಬೇಕಿತ್ತು. ಬೈಗುಳದ ಭಯಕ್ಕೆ ತೆಪ್ಪಗೆ ಉಳಿದದ್ದನ್ನೂ ಹಾಸಿದೆ. ಸಂಜೆಗೆ ಸೊಪ್ಪಿನ ನೀರು, ಹಿಕ್ಕೆ ಸೇರಿ ಶಾಯಿಯೆಲ್ಲ ಕದಡಿಹೋಗಿತ್ತು.

ಅತ್ತೆ ಬೈಯಲೇ ಇಲ್ಲ. "ಹುಳ ಏನು ಮಾಡ್ತಾವೆ, ಹಸ್ದಿದ್ವು" ಎಂದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ತಿಂಗಳುಗಟ್ಟಲೆ ಮತ್ತೆ ಬರೆಯಲು ಕೂತಳು. "ನಡೂ ದನಿ ಸಿಕ್ತಿಲ್ಲ ಕಣೇ" ಎಂದು ಒಂದು ದಿನ ಪೆನ್ನು ಮುಚ್ಚಿಟ್ಟಳು. ಆಮೇಲೆ ಅವಳು ಗುನುಗಿದ್ದನ್ನು ನಾನು ಕೇಳಲಿಲ್ಲ. ಹೋದ ವರ್ಷ ತೀರಿಕೊಂಡಳು. ನೋಡಿಯೂ ಹಾಸಿದೆನೆಂದು ಕೊನೆವರೆಗೂ ಹೇಳಲಾಗಲಿಲ್ಲ ನನ್ನ ಹಾಳು ನಾಲಿಗೆಗೆ.

ಜೊತೆಗೆ ಹಾಡಿದ ಇಬ್ಬರನ್ನೂ ಹುಡುಕಿ ಕೇಳಿದೆ. ಅವರಿಗೆ ಒಂದು ಸಾಲೂ ನೆನಪಿಲ್ಲ. ನನ್ನದು ಕೆಳಗಿನ ದನಿ, ಮಿಕ್ಕವರು ಹಾಡುವಾಗ ಒಂದೇ ಸ್ವರ ಹಿಡಿದು ನಿಲ್ಲುವುದಷ್ಟೇ ನನ್ನ ಕೆಲಸ. ಮೊನ್ನೆ ಅದನ್ನೇ ಹಾಡಿಕೊಳ್ಳುತ್ತಿದ್ದೆ. ಮಗಳು ತುಸು ಹೊತ್ತು ಕೇಳಿ, "ಅಮ್ಮಾ, ಹಾಡು ಯಾವಾಗ ಶುರುವಾಗತ್ತೆ?" ಎಂದಳು.