ಸೀಟಿನಡಿಯ ಟಿಕ್

ಕಾಲೇಜಿನ ಮೈದಾನದಲ್ಲಿ ಹುಲ್ಲು ಕತ್ತರಿಸುವ ಗಾಡಿ ಓಡಿಸುವವಳನ್ನು ಎಲ್ಲರೂ ಗುಬ್ಬಕ್ಕ ಎಂದೇ ಕರೆಯುತ್ತಿದ್ದರು. ಮೈಯಲ್ಲಿ ಗುಬ್ಬಿಯಷ್ಟೇ ಮಾಂಸ, ನಡಿಗೆಯಲ್ಲಿ ಗುಬ್ಬಿಯದೇ ಅವಸರ. ಮೊದಲೆಲ್ಲ ಅವಳು ಮೈದಾನದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕುಡುಗೋಲಿನಿಂದ ಹುಲ್ಲು ಕೊಯ್ಯುತ್ತಿದ್ದಳು. ಮಂಡಿ ಸವೆದು, ಏಳಬೇಕೆಂದರೆ ಹಿಡಿಯಲು ಕಂಬ ಹುಡುಕುವ ಹಾಗಾದ ಹೊತ್ತಿಗೆ ಗಾಡಿಯ ಹಳೆಯ ಚಾಲಕ ನಿವೃತ್ತನಾದ. ಕೀಲಿ ಯಾರಿಗೆ ಕೊಡುವುದೆಂದು ಕಚೇರಿಯವರು ಮೀನಮೇಷ ಎಣಿಸುತ್ತಿದ್ದಾಗ, ಬಾಗಿಲಲ್ಲಿ ನಿಂತು ಇವಳು, "ನಾನು ಓಡಿಸ್ತೀನಿ ಸರ್," ಅಂದಳು. ನಗುವವರು ನಕ್ಕರು. ಆದರೆ ಅವಳು ಗಾಡಿ ಓಡಿಸಿ ಹೋದ ಕಡೆ ಹುಲ್ಲಿನ ಪಟ್ಟೆಗಳು ದಾರ ಹಿಡಿದು ಎಳೆದ ಹಾಗೆ ಬಿದ್ದವು.

ಚಿಕ್ಕ ಟ್ರ್ಯಾಕ್ಟರಿನಂಥ ಗಾಡಿ ಅದು. ಬ್ಲೇಡುಗಳು ಹೊಟ್ಟೆಯಡಿ ತಿರುಗುತ್ತವೆ, ಕತ್ತರಿಸಿದ ಹುಲ್ಲು ಬದಿಯಿಂದ ಹಾರುತ್ತದೆ. ಅದರ ಮೇಲೆ ಕೂತಾಗ ಗುಬ್ಬಕ್ಕನಿಗೆ ಮಂಡಿಯ ನೆನಪೇ ಇರುತ್ತಿರಲಿಲ್ಲ.

ಈ ಸಲ ಮಳೆಗಾಲದಲ್ಲಿ ಅವಳು ಜ್ವರ ಹಿಡಿದು ಮಲಗಿದಳು. ವಾಸಿಯಾಗಿ ಬಂದಾಗ ಬೆರಳಿನ ಉಂಗುರ ಸಡಿಲವಾಗಿ ತನ್ನಷ್ಟಕ್ಕೆ ತಿರುಗುತ್ತಿತ್ತು. ಅಲ್ಲಿಂದಲೇ ಶುರುವಾಯಿತು ಗಾಡಿಯ ಮೊಂಡುತನ. ಚೆನ್ನಾಗಿ ಓಡುತ್ತಿದ್ದದ್ದು, ನೀರಿನ ಕಾಲುವೆ ಮುಚ್ಚಿದ ಉಬ್ಬಿನ ಮೇಲೆ ಬಂದ ಕೂಡಲೇ ಬಿಕ್ಕಿದ ಹಾಗೆ ಮಾಡಿ ನಿಂತುಬಿಡುತ್ತಿತ್ತು.

ಗುಬ್ಬಕ್ಕ ಮೈದುನನನ್ನು ಕರೆಸಿದಳು. ಅವನದು ಸ್ಕೂಟರ್ ರಿಪೇರಿಯ ಗ್ಯಾರೇಜು. ಆಳು ಹೇಗೆಂದರೆ, ಅವನು ಕೂತರೆ ಕುರ್ಚಿಗೂ ದೇವರು ನೆನಪಾಗಬೇಕು. ಪೆಟ್ರೋಲ್ ಫಿಲ್ಟರ್ ಬದಲಿಸಿದ, ಪ್ಲಗ್ ಉಜ್ಜಿದ, ಬ್ಯಾಟರಿಯ ತುದಿಗಳನ್ನು ಬಿಗಿ ಮಾಡಿದ. ತಾನೇ ಹತ್ತಿ ಉಬ್ಬಿನ ಮೇಲೆ ಹೋಗಿ ಬಂದ. ಗಾಡಿ ಕೆಮ್ಮಲೂ ಇಲ್ಲ. ಗುಬ್ಬಕ್ಕ ಹತ್ತಿದಳು. ಉಬ್ಬಿನ ಮೇಲೆ ನಿಂತಿತು.

"ಅತ್ತಿಗೆ, ಇದಕ್ಕೆ ನಿಮ್ಮ ಮೇಲೇ ಏನೋ ಹಗೆ," ಅಂದ ಮೈದುನ.

ಸೂಪರ್‌ವೈಸರೂ ಓಡಿಸಿ ನೋಡಿದರು. ಅವರಿಗೂ ನಿಲ್ಲಲಿಲ್ಲ. ಕೆಳಗಿಳಿದು ಕೈ ಒರೆಸಿಕೊಳ್ಳುತ್ತ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಅಂದರು. ಆಮೇಲೆ, ಹೇಳಿದ್ದು ಹೆಚ್ಚಾಯಿತೇನೋ ಎಂಬಂತೆ ದನಿ ಇಳಿಸಿದರು. "ನೋಡಮ್ಮ, ಕ್ರೀಡಾಕೂಟ ಹತ್ರ ಬಂತು. ಆ ಕಡೆ ಹುಲ್ಲು ಮೊಣಕಾಲುದ್ದ ನಿಂತಿದೆ. ಸೋಮವಾರದ ತನಕ ನೋಡ್ತೀನಿ. ಆಗಲಿಲ್ಲ ಅಂದ್ರೆ ಕೀಲಿ ಸ್ಟೋರ್‌ಕೀಪರಿಗೆ ಕೊಡ್ಬೇಕಾಗುತ್ತೆ. ನಿನಗೆ ಅಂಚಿನ ಕೆಲಸ ಇದ್ದೇ ಇದೆಯಲ್ಲ."

ಅಂಚಿನ ಕೆಲಸ ಎಂದರೆ ಕುಡುಗೋಲು. ಜ್ವರದಲ್ಲಿ ಕೈಯ ಹದವೇ ತಪ್ಪಿತೋ ಏನೋ ಎಂದು ಗುಬ್ಬಕ್ಕನಿಗೇ ಅನ್ನಿಸತೊಡಗಿತ್ತು.

ಮಾರನೆಯ ದಿನ ನೀರಿನ ಪೈಪನ್ನು ಮೈದಾನದ ಆಚೆ ತುದಿಯ ನಲ್ಲಿಗೆ ಒಯ್ಯಬೇಕಿತ್ತು. ಒಳಗೆ ನೀರು ಉಳಿದು ಪೈಪಿನ ಸುರುಳಿ ಕಲ್ಲಿನಂತೆ ಭಾರವಾಗಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು, ಹೋಗುವ ದಾರಿಯಲ್ಲೇ ಒಂದು ಪಟ್ಟೆ ಹುಲ್ಲು ಆಗಲಿ ಎಂದು ಗಾಡಿ ಹೊರಡಿಸಿದಳು. ನಲ್ಲಿಯ ಹತ್ತಿರ ಬಂದು ತಿರುಗಿ ನೋಡಿದರೆ ಉಬ್ಬು ಹಿಂದೆಲ್ಲೋ ಉಳಿದಿತ್ತು. ಗಾಡಿ ನಿಂತಿರಲಿಲ್ಲ.

ಪೈಪು ಇಳಿಸಿ ವಾಪಸು ಹೊರಟಳು. ಉಬ್ಬಿನ ಮೇಲೆ ನಿಂತಿತು. ನಡೆದು ಹೋಗಿ ಪೈಪು ಹೊತ್ತು ತಂದಳು. ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಉಬ್ಬಿನ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಿಸಿದಳು. ನಿಲ್ಲಲಿಲ್ಲ. ನೇರ ಮೈದುನನ ಗ್ಯಾರೇಜಿಗೆ ನಡೆದಳು.

"ಕೈ ಅಲ್ಲ ಕಣೋ, ತೂಕ," ಅಂದಳು ಬಾಗಿಲಲ್ಲೇ.

ಮೈದುನ ಬಂದು ಸೀಟು ಎತ್ತಿದ. ಅಡಿಯಲ್ಲಿ ಎರಡು ಸ್ಪ್ರಿಂಗುಗಳ ನಡುವೆ ಹೆಬ್ಬೆರಳಿನಷ್ಟು ದೊಡ್ಡ ಕಪ್ಪು ಸ್ವಿಚ್ಚು. ಅದರ ನೆತ್ತಿಯ ಗುಂಡಿ ಸವೆದು ಚಪ್ಪಟೆಯಾಗಿತ್ತು. ಅವನು ಹಣೆ ಚಚ್ಚಿಕೊಂಡ.

"ಇದನ್ನ ನೋಡ್ಲೇ ಇಲ್ವಲ್ಲ ನಾನು. ಓಡಿಸೋರು ಅಕಸ್ಮಾತ್ ಬಿದ್ರೆ ಬ್ಲೇಡು ಅವರ ಮೇಲೆ ಹರೀಬಾರ್ದಲ್ಲ, ಅದಕ್ಕೆ ಸೀಟು ಖಾಲಿ ಆದ ತಕ್ಷಣ ಇಂಜಿನ್ ನಿಲ್ಸುತ್ತೆ ಇದು. ಗುಂಡಿ ಸವೆದು ಇಳೀತು, ನೀವು ಜ್ವರದಲ್ಲಿ ಇಳಿದ್ರಿ. ಉಬ್ಬಲ್ಲಿ ಸೀಟು ಒಂಚೂರು ಕುಣಿದ್ರೆ ಸಾಕು, ಯಾರೂ ಕೂತಿಲ್ಲ ಅಂದ್ಕೊಳ್ಳುತ್ತೆ."

ಗುಬ್ಬಕ್ಕ ಸವೆದ ಗುಂಡಿಯನ್ನು ಬೆರಳಿನಿಂದ ಒತ್ತಿ ನೋಡಿದಳು. "ಇಷ್ಟು ವರ್ಷ ಕೂತಿದೀನಿ ಇದರ ಮೇಲೆ," ಅಂದಳು ಮೆಲ್ಲಗೆ.

"ಎರಡು ವೈರು ಸೇರಿಸಿ ಟೇಪ್ ಸುತ್ತಿಬಿಡ್ಲಾ ಅತ್ತಿಗೆ? ಇಲ್ಲಾ ಸೀಟಿಗೆ ಒಂದು ಮರಳಿನ ಮೂಟೆ ಕಟ್ಟಿಬಿಡೋಣ."

"ನಾನು ಬಿದ್ದ ಮೇಲೂ ಮೂಟೆ ಕೂತೇ ಇರುತ್ತಲ್ಲೋ. ಬೇಡ. ನಾನಿದ್ರೆ ಇದೀನಿ, ಇಲ್ಲಾಂದ್ರೆ ಇಲ್ಲ, ಅದಕ್ಕೆ ಸರಿಯಾಗಿ ಗೊತ್ತಾಗ್ಬೇಕು."

ಭಾನುವಾರ ಸ್ವಿಚ್ಚನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಇಬ್ಬರೂ ಬಸ್ಸು ಹತ್ತಿ ದೊಡ್ಡ ಊರಿಗೆ ಹೋದರು. ಬಿಡಿಭಾಗಗಳ ಮೊದಲ ಅಂಗಡಿಯಲ್ಲಿ, ಈ ಮಾಡೆಲ್ ಬರುವುದೇ ನಿಂತಿದೆ ಅಂದರು. ಮುಂದಿನ ಅಂಗಡಿಯವನು, "ಬರೀ ಸ್ವಿಚ್ಚು ಕೊಡಲ್ಲ, ಪೂರ್ತಿ ಸೀಟೇ ತರಿಸ್ಬೇಕು, ತಿಂಗಳು ಹಿಡಿಯುತ್ತೆ," ಅಂದ. ಗುಬ್ಬಕ್ಕನ ಮುಖ ಸಣ್ಣದಾದದ್ದು ಕಂಡು, ರೈಲು ಹಳಿಯಾಚೆಯ ಗುಜರಿ ಅಂಗಡಿಯ ದಾರಿ ಹೇಳಿದ.

ಗುಜರಿಯ ಹಿತ್ತಲಲ್ಲಿ ಇಂಥವೇ ಕೆಟ್ಟ ಗಾಡಿಗಳು ಸಾಲಾಗಿ ನಿಂತಿದ್ದವು. ಒಂದಕ್ಕೆ ಚಕ್ರವಿಲ್ಲ, ಇನ್ನೊಂದರ ಹೊಟ್ಟೆಯಲ್ಲಿ ಹುಲ್ಲೇ ಬೆಳೆದಿತ್ತು. ಗುಬ್ಬಕ್ಕ ಒಂದೊಂದನ್ನೇ ಹತ್ತಿ, ಕೂತು, ಅಡಿಯ ಸ್ವಿಚ್ಚು ಟಿಕ್ ಅನ್ನುತ್ತದೆಯೇ ಎಂದು ಕಿವಿಗೊಟ್ಟು, ಇಳಿದಳು. ಬಾಗಿಲಲ್ಲಿ ಪತ್ರಿಕೆ ಓದುತ್ತಿದ್ದ ಗುಜರಿಯ ಮುದುಕ ಕನ್ನಡಕ ಸರಿಸಿ ನೋಡಿದ.

"ಏನಮ್ಮ, ಕೊಳ್ಳೋಕೆ ಬಂದ್ರಾ, ಕೂರೋಕೆ ಬಂದ್ರಾ?"

"ಕೂತು ನೋಡಿ ಕೊಳ್ಳೋಕೆ ಯಜಮಾನ್ರೇ."

ಮೈದುನ ತಾನೂ ಒಂದನ್ನು ಹತ್ತಲು ಹೋದ. "ಇಳಿಯೋ ನೀನು. ನೀನು ಕೂತ್ರೆ ಬಂಡೆ ಕೂಡ ಟಿಕ್ ಅನ್ನುತ್ತೆ," ಅಂದಳು. ಮುದುಕ ಪತ್ರಿಕೆ ಮಡಚಿಟ್ಟು ನಗತೊಡಗಿದ.

ಕೆಲವು ಸೀಟುಗಳು ಉಸಿರೆತ್ತಲಿಲ್ಲ. ಒಂದು, ಅವಳು ಎರಡೂ ಕೈ ಊರಿ ಒತ್ತಿದರೆ ಮಾತ್ರ ಟಿಕ್ ಅಂದಿತು. ಮೂಲೆಯಲ್ಲಿ, ಇಲಿ ಕಡಿದ ಹಳದಿ ಸೀಟೊಂದಿತ್ತು. ಗುಬ್ಬಕ್ಕ ಇನ್ನೂ ಪೂರ್ತಿ ಕೂತಿರಲಿಲ್ಲ, ಟಿಕ್. ಎದ್ದಳು, ಮತ್ತೊಮ್ಮೆ ಟಿಕ್. ಮೈದುನ ಅದರ ತಂತಿಗೆ ಬ್ಯಾಟರಿ, ಪುಟ್ಟ ಬಲ್ಬು ಸಿಕ್ಕಿಸಿದ. ಅವಳು ಕೂತಾಗ ಹೊತ್ತಿತು, ಎದ್ದಾಗ ಆರಿತು. ಕರವಸ್ತ್ರ ಬಿಚ್ಚಿ ಹಳೆಯದರ ಪಕ್ಕ ಹಿಡಿದರೆ ಅಕ್ಕತಂಗಿಯರ ಹಾಗಿದ್ದವು.

"ಸ್ವಿಚ್ಚಿನ ಜೊತೆ ಆ ಸ್ಪ್ರಿಂಗುಗಳೂ ಬೇಕು," ಅಂದಳು ಗುಬ್ಬಕ್ಕ. "ಮೆತ್ತಗಿವೆ."

"ತಗೊಂಡ್ಹೋಗಮ್ಮ. ಇಷ್ಟು ವರ್ಷದಲ್ಲಿ ಕೂತು ನೋಡಿದವರು ನೀವೊಬ್ಬರೇ," ಅಂದ ಮುದುಕ.

ಸೋಮವಾರ ಬೆಳಿಗ್ಗೆ ಮೈದುನ ಸೀಟು ಜೋಡಿಸಿ ಬದಿಗೆ ಸರಿದ. ಸೂಪರ್‌ವೈಸರ್ ಪೆವಿಲಿಯನ್ನಿನ ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ನಿಂತಿದ್ದರು. ಗುಬ್ಬಕ್ಕ ಮಡಿಲಲ್ಲಿ ಏನೂ ಇಟ್ಟುಕೊಳ್ಳದೆ ಹೊರಟಳು. ಗಾಡಿ ಉಬ್ಬು ಹತ್ತಿತು, ಇಳಿಯಿತು. ತಿರುಗಿಸಿಕೊಂಡು ಬಂದಳು. ಮತ್ತೆ ಹತ್ತಿತು, ಇಳಿಯಿತು. ಮೂರನೆಯ ಸಲ ಉಬ್ಬಿನ ನೆತ್ತಿಯ ಮೇಲೆ ತಟ್ಟನೆ ನಿಂತುಹೋಯಿತು.

ಸೂಪರ್‌ವೈಸರ್ ಲೋಟ ಕೆಳಗಿಟ್ಟರು. ಮೈದುನ ಏದುಸಿರು ಬಿಡುತ್ತ ಓಡಿದ. "ಮತ್ತೆ ನಿಂತೋಯ್ತಾ ಅತ್ತಿಗೆ?"

"ಇಲ್ಲ ಕಣೋ. ನಾನೇ ಒಂಚೂರು ಎದ್ದೆ. ಗೊತ್ತಾಗುತ್ತಾ ನೋಡೋಣ ಅಂತ."

ಅವಳು ಕೂತು ಕೀಲಿ ತಿರುಗಿಸಿದಳು. ಇಂಜಿನ್ನು ಎದ್ದಿತು. ಸೂಪರ್‌ವೈಸರ್ ನಿಧಾನವಾಗಿ ಹತ್ತಿರ ಬಂದು ಉಬ್ಬನ್ನು ಬೂಟಿನಿಂದ ತಟ್ಟಿ ನೋಡಿದರು.

"ಹಾಗಾದ್ರೆ ನೆಲ ನೆಟ್ಟಗಾಯ್ತು ಅನ್ನು."

"ನೆಲ ಡೊಂಕೇ ಇದೆ ಸರ್," ಅಂದಳು ಗುಬ್ಬಕ್ಕ, ಗೇರು ಹಾಕುತ್ತ. "ಸ್ವಲ್ಪ ಆ ಕಡೆ ನಿಂತ್ಕೊಳ್ಳಿ, ಹುಲ್ಲು ಹಾರುತ್ತೆ."

ಮಧ್ಯಾಹ್ನ ಓಟದ ಗೆರೆ ಬಳಿಯುವವರು ಸುಣ್ಣದ ಬಕೆಟ್ಟು ಹಿಡಿದು ಬಂದಾಗ, ಆಚೆ ತುದಿಯ ತನಕ ಪಟ್ಟೆಗಳು ಬಿದ್ದಿದ್ದವು. ಕೀಲಿ ಗುಬ್ಬಕ್ಕನ ಸೊಂಟದಲ್ಲಿತ್ತು.