ಪಿಯೆದಾದ್ ಬಾಯಿಯ ಚಸಮಾ

ಪಿಯೆದಾದ್ ಬಾಯಿಯ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಒಂದು ಮಂಗಳವಾರ. ಮಗಳು ಶ್ರೀದೇವಿ, ಈ ಪರದೇಶದ ನಮ್ಮೂರು ಪಾಯಿಂಟ್ ಕುಕ್‌ನ ಲೈಬ್ರರಿಯಿಂದ ಬಂದವಳೇ, "ಅವ್ವಾ, ಹಿಂದಿನ ಓಣ್ಯಾಗ ಗೋವಾದ ಆಂಟಿ ಒಬ್ರು ಇದ್ದಾರ. ಬೆಳಗಾವಿ ಆಸ್ಪತ್ರ್ಯಾಗ ನರ್ಸ್ ಆಗಿದ್ರಂತ. ಕನ್ನಡ ಮಾತಾಡೋರು ಬೇಕಂತ," ಅಂದಳು.

"ಯಾಕ ಬೇಕಂತ?" ಅಂದೆ.

ನನ್ನ ಯಜಮಾನರು ಗುರುತಿನವರ ಕಾಗದಕ್ಕೆ ಸಾಕ್ಷಿ ಸಹಿ ಹಾಕಿ ಹನ್ನೊಂದು ವರ್ಷ ಧಾರವಾಡದ ಕೋರ್ಟಿಗೆ ಅಲೆದವರು. ಅಂದಿನಿಂದ ಯಾರಾದರೂ ಸಿಹಿ ತಂದರೆ ಡಬ್ಬಿಯ ಕೆಳಗೆ ಕಾಗದ ಇದೆಯೇನೋ ಅಂತ ನೋಡುವವಳು ನಾನು.

ಬಾಯಿ ಮೊದಲ ದಿನ ಕೊಬ್ಬರಿ ಬರ್ಫಿ ತಂದರು. ಮೂರನೇ ದಿನ ಕಾಗದವೂ ಬಂತು!

"ನಮ್ಮಪ್ಪ ಮಡಗಾಂವದ ಮನಿ ನನಗೂ ತಮ್ಮ ಅಲೇಶಗೂ ಬರದು ಕೊಟ್ರು. ಆದ್ರ ಅಡಿಗಿಯ ರೊಜಿನ್ ಬದುಕಿರೋತನಕ ಹಿಂದಿನ ಖೋಲಿ ಆಕಿದು. ಮನಿ ಮಾರಂಗಿಲ್ಲ. ನಾವಿಬ್ರೂ ಕೊಒಬ್ರಿಗಾದೋಸ್. ಪೋರ್ಚುಗೀಸರ ಕಾಯ್ದೆದ ಮಾತು, ಒಂದ ಮಾತಿಗೆ ಕೂಡಿ ಕಟ್ಟಿಬಿದ್ದೋರು ಅಂತ. ಒಬ್ಬ ತಪ್ಪಿದ್ರ ಇನ್ನೊಬ್ಬ ನಡಸಬೇಕು."

"ನನಗ್ಯಾಕ ಹೇಳ್ತೀರಿ? ನಾ ಸಹಿ ಹಾಕಂಗಿಲ್ಲ ನೋಡ್ರಿ."

"ನಿನ್ನ ಸಹಿ ಯಾರಿಗೆ ಬೇಕಾಗೇತಿ, ರತ್ನವ್ವಾ! ನೆನಪಿಟ್ಕೋ, ಸಾಕು. ನನಗ ಮರವು ಹೆಚ್ಚಾಗಾಕ ಹತ್ತೇತಿ."

ನಾನು ನಂಬಲಿಲ್ಲ. ಆದರೂ ಹೋಗುತ್ತಿದ್ದೆ. ಪಾರ್ಸೆಲ್ ಬಂದರೂ ಬಾಯಿ ಚಸಮಾ ಹಾಕಿಕೊಂಡು, ಅಕ್ಷರ ಅಕ್ಷರ ಓದಿಯೇ ಸಹಿ ಮಾಡುವರು. ಪಾರ್ಸೆಲ್ಲಿನವನು ಬಾಗಿಲಲ್ಲಿ ಕಾಲು ಬದಲಿಸುತ್ತ ನಿಲ್ಲುವನು.

ಈ ಚಳಿಗಾಲದಲ್ಲಿ ಸಿಡ್ನಿಯಿಂದ ಅಲೇಶ ಬಂದ. ಕೈಯಲ್ಲಿ ಹೂವು, ಬಗಲಲ್ಲಿ ಫೈಲು. ನನ್ನೆದುರು ಹಿಂದಿಯಲ್ಲೇ ಮಾತಾಡಿದ. "ಮನೆ ರಿಪೇರಿ ಕಾಗದ ದೀದಿ, ಇಲ್ಲೊಂದು ಸಹಿ."

"ನನ್ನ ಚಸಮಾ?" ಬಾಯಿ ತಡಕಾಡಿದರು.

"ಚಸಮಾ ಯಾಕೆ? ನಾನಿಲ್ಲವೇ?" ಅಂತ ಅಲೇಶ ಪೆನ್ನನ್ನು ಅವರ ಕೈಗಿಟ್ಟ.

ಚಸಮಾ ಬ್ರೆಡ್ಡಿನ ಬುಟ್ಟಿಯಲ್ಲಿತ್ತು. ಅದು ಸಿಕ್ಕರೆ ಸಹಿ ಆಗಿಬಿಟ್ಟೀತೆಂದು, ಕಂಡರೂ ನಾನು ಹೇಳಲಿಲ್ಲ. ರಿಪೇರಿಗೆ ಇಷ್ಟು ದಪ್ಪನೆಯ ಕಾಗದವೇ? "ರಿಪೇರಿ ಮುಗಿಯೋತನಕ ರೊಜಿನ್ ಎಲ್ಲಿ ಮಲಗ್ತಾಳೆ?" ಅಂತ ನನ್ನ ಹರುಕು ಹಿಂದಿಯಲ್ಲಿ ಕೇಳಿದೆ.

ಅವನ ನಗು ನಿಂತಿತು. ಬಾಯಿ ನನ್ನ ಕಡೆ ತಿರುಗಿ, "ರೊಜಿನ್ ಯಾರು?" ಅಂದರು.

"ನಿಮ್ಮನ್ನ ಎತ್ತಿ ಆಡಿಸಿದಾಕಿರೀ! ಹಿಂದಿನ ಖೋಲಿಯಾಕಿ!" ಅಂದೆ. ಬಾಯಿ ಪೆನ್ನು ಕೆಳಗಿಟ್ಟರು. ಮುಂದಿನ ವಾರ ಮತ್ತೆ ಬರುತ್ತೇನೆಂದು ಅಲೇಶ ಎದ್ದ.

ಮರುದಿನ ಬೆಳಿಗ್ಗೆ ಬಾಯಿ ತಾವೇ ನಮ್ಮ ಮನೆಗೆ ಬಂದು, ಚಸಮಾದ ಡಬ್ಬಿಯನ್ನು ನನ್ನ ಕೈಯಲ್ಲಿಟ್ಟರು.

"ಇಟ್ಕೋ. ತಲಿ ಮರತ್ರೂ ಕೈ ಮರಿಯಂಗಿಲ್ಲ, ಚಸಮಾ ಇಲ್ಲದ ಸಹಿ ಹಾಕಂಗಿಲ್ಲ. ಅಂವ ಬಂದಾಗ ನಾನ ಬಂದು ಕೇಳ್ತೀನಿ. ಅಳ್ತೀನಿ. ಕಳ್ಳಿ ಅಂತ ಓಣಿ ಕೂಡಸ್ತೀನಿ. ಆದ್ರೂ ಕೊಡಬ್ಯಾಡ."