ಅಂಟು ಕಾಯುವ ಭಾವ

ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿ ಕೆಲಸ. ಗಿರಾಕಿ ಕೋಟು ಕೊಟ್ಟರೆ ಮೊದಲು ಬೆಳಕಿಗೆ ಹಿಡಿದು, "ಇಲ್ಲೊಂದು ಕಲೆ ಇದೆ, ಆಮೇಲೆ ನಮ್ಮನ್ನ ಕೇಳ್ಬೇಡಿ" ಎಂದು ತೋರಿಸಿಯೇ ರಸೀದಿ ಹರಿಯುತ್ತಾರೆ. ಮೊಸರಲ್ಲಿ ಕಲ್ಲು ಹುಡುಕುವುದಕ್ಕೂ ಸಂಬಳ ಸಿಗುತ್ತದೆ ಎಂದು ನನಗೆ ಗೊತ್ತಾದದ್ದು ಅವರಿಂದಲೇ.

ಹಗಲೆಲ್ಲ ಕಂಡವರ ಕಲೆ ನೋಡುವ ಈ ಮನುಷ್ಯ ಮನೆಯಲ್ಲಿ ಕೂಡಿಡುವುದು ಕಲೆಯಿಲ್ಲದ ಸರಕನ್ನು: ಪೆಸಿಫಿಕ್ ದ್ವೀಪದೇಶಗಳ ಅಂಚೆಚೀಟಿ. ಟೋಂಗಾ, ತುವಾಲು, ಸಮೋವಾ, ಯಾವುದಾದರೂ ಸರಿ, ಮಿಂಟ್ ಆಗಿರಬೇಕು. ಮಿಂಟ್ ಎಂದರೆ ಅಂಚೆಯ ಮುದ್ರೆ ಬೀಳದ, ಯಾರ ನಾಲಿಗೆಯೂ ತಾಗದ, ಹಿಂಬದಿಯ ಅಂಟು ಹಾಗೇ ಉಳಿದ ಚೀಟಿ. ಅಂಟಿಸುವುದಕ್ಕೆಂದೇ ಹುಟ್ಟಿದ್ದನ್ನು ಅಂಟದಂತೆ ಕಾಯುವುದೇ ಭಾವನ ಬಾಳಿನ ಗುರಿ. ಹಾಗಾಗಿ ಅವರು ನೋಡುವುದೂ ನೆಂಟರಿಗೆ ತೋರಿಸುವುದೂ ಹಿಂಬದಿಯನ್ನೇ. "ಅಂಟು ನೋಡಿ, ಹೇಗೆ ಹೊಳೀತಿದೆ!" ಮುಂದೆ ಆಮೆಯಿದೆಯೋ ಅರಸನಿದ್ದಾನೋ, ಅವರಿಗೆ ಬೇಕಿಲ್ಲ.

ಅಂಟಿಗೆ ತೇವ ಆಗದು. ಅದಕ್ಕೇ ಚೀಟಿಗಳನ್ನಿಟ್ಟ ಕೋಣೆಯ ಕಿಟಕಿ ತೆರೆಯುವಂತಿಲ್ಲ, ಒಳಗೆ ಬಟ್ಟೆ ಒಣಹಾಕುವಂತಿಲ್ಲ, ಆಲ್ಬಮ್ಮಿನ ಹತ್ತಿರ ಸೀನುವಂತಿಲ್ಲ. ಅಕ್ಕ ಇದನ್ನೆಲ್ಲ ಸಹಿಸಿದಳು. ಅವಳಿಗಿದ್ದದ್ದು ಒಂದೇ ಆಸೆ, ಸಮುದ್ರ ನೋಡಬೇಕು. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಸಮುದ್ರ. ಮದುವೆಯಾದಾಗಿನಿಂದ ಕೇಳುತ್ತಲೇ ಇದ್ದಳು.

"ಉಪ್ಪುಗಾಳಿ ಕಣೇ," ಎನ್ನುತ್ತಿದ್ದರು ಭಾವ. "ಬಟ್ಟೆಗೆ ತೇವ ಹತ್ಕೊಂಡು ಮನೆಗೇ ಬರುತ್ತೆ. ಆಮೇಲೆ ನನ್ನ ಸಮೋವಾ ಗತಿ ಏನು?"

ಸಮುದ್ರದ ನಡುವಿನ ದೇಶಗಳನ್ನೆಲ್ಲ ಕಪಾಟಿನಲ್ಲಿಟ್ಟುಕೊಂಡು ಸಮುದ್ರಕ್ಕೇ ಹೆದರುವವರನ್ನು ನಾನು ಬೇರೆ ಕಂಡಿಲ್ಲ. ನನಗೆ ಸಿಟ್ಟು ನೆತ್ತಿಗೇರಿ, ಹೋದ ಭಾನುವಾರ ಅಕ್ಕನನ್ನು ನಾನೇ ಕರೆದುಕೊಂಡು ಹೋದೆ. ಮೊಣಕಾಲು ಮುಳುಗುವಷ್ಟು ನೀರಿಗಿಳಿದು ಸಣ್ಣ ಹುಡುಗಿಯ ಹಾಗೆ ಕೂಗಿದಳು. ಆಮೇಲೆ ಮರಳಿನ ಮೇಲೆ ಕೂತು ಅತ್ತಳು. "ಇಷ್ಟು ಹತ್ತಿರ ಇತ್ತಲ್ಲೋ," ಅಂದಳು.

ಸಂಜೆ ಹಿಂತಿರುಗಿದಾಗ ಭಾವ ಬಾಗಿಲಿಗೆ ಅಡ್ಡ ನಿಂತಿದ್ದರು. ಅವಳ ಬಟ್ಟೆಯ ಅಂಚನ್ನು ಬೆಳಕಿಗೆ ಹಿಡಿದು, "ಒದ್ದೆ. ಮರಳು. ಕಲೆ ಬೇರೆ. ಅಲ್ಲೇ ನಿಲ್ಲು," ಅಂದರು. ಅವಳಿಗೆ ರಸೀದಿ ಹರಿಯುವುದೊಂದು ಬಾಕಿ.

ಅಕ್ಕ ನಿಲ್ಲಲಿಲ್ಲ. ನೆಟ್ಟಗೆ ಕೋಣೆಗೆ ಹೋಗಿ ಕಿಟಕಿ ತೆರೆದಳು. ಮೇಜಿನ ಮೇಲಿದ್ದ ಆಲ್ಬಮ್ಮಿನಿಂದ ಸಮೋವಾದ ಒಂದು ಚೀಟಿ ಎಳೆದು ತಿರುಗಿಸಿದಳು. ಮುಂಬದಿಯಲ್ಲಿ ಅಚ್ಚ ನೀಲಿ ಸಮುದ್ರ.

"ರೀ, ಇದನ್ನ ನನಗೆ ಯಾವತ್ತಾದ್ರೂ ತೋರಿಸಿದ್ರಾ?"

"ಮುಟ್ಟಬೇಡ್ವೇ!" ಭಾವನ ಜೀವ ಬಾಯಿಗೆ ಬಂದಿತ್ತು.

ಅವಳು ಆ ಅಂಟನ್ನು ನೆಕ್ಕಿ, ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ಭಾನುವಾರದ ಮೇಲೆ ಹೆಬ್ಬೆರಳಿನಿಂದ ಒತ್ತಿದಳು. "ಅವತ್ತು ಮತ್ತೆ ಹೋಗ್ತೀನಿ. ನೀವೂ ಬನ್ನಿ. ಬರದಿದ್ರೆ ಬಿಡಿ. ಭಾನುವಾರ ಇನ್ನೂ ಬೇಕಾದಷ್ಟಿದೆ, ಚೀಟಿನೂ ಇದೆ."

ಭಾವ ಚಿಮಟ ಹಿಡಿದು ಕ್ಯಾಲೆಂಡರಿನ ಮುಂದೆ ನಿಂತರು. ಮೆಲ್ಲಗೆ ಎಳೆದರು, ಜೋರಾಗಿ ಎಳೆದರು. ಇಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಅಂಟು, ಜಪ್ಪಯ್ಯ ಎಂದರೂ ಬಿಡಲಿಲ್ಲ.